ಸೀರೆಗಳು ಪರದೆಗೆ ಬಂದ ವರ್ಷ

ಹೋದ ತಿಂಗಳು ಅಕ್ಕನ ಮಗಳ ಮದುವೆಗೆ ಜವಳಿ ತೆಗೆಯಲು ಗದಗಿಗೆ ಹೋಗಿದ್ದೆವು. ಅಂಗಡಿಯ ಹುಡುಗಿ ಒಂದು ಹೊಸ ಸೀರೆಯ ಮಡಿಕೆ ಬಿಚ್ಚಿ ನಮ್ಮ ಮುಂದೆ ಹಾಸಿದಳು. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಮಗ್ಗದಿಂದ ಇಳಿದು ಹೆಚ್ಚು ದಿನವಾಗದ ಸೀರೆಗೆ ಮಾತ್ರ ಇರುವ ಹುಳಿಹುಳಿಯಾದ ಹಸಿ ವಾಸನೆ. "ಬ್ಯಾರೆ ಬಣ್ಣಾ ಬೇಕಂದ್ರ ಇದರಾಗ ನೋಡ್ರಿ" ಎಂದು ಆಕೆ ಕೈಯಲ್ಲಿದ್ದ ಟ್ಯಾಬನ್ನು ನಮ್ಮ ಕಡೆ ತಿರುಗಿಸಿದಳು. ಸೀರೆಗಳ ಚಿತ್ರಗಳು ಸಾಲಾಗಿ ಬಂದವು. ಅಕ್ಕನ ಮಗಳು ಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಹೋದಳು. ನಾನು ಹಲ್ಲು ಕಚ್ಚಿಕೊಂಡು ಕುಳಿತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ.

"ಖಾಲಾ, ಯಾಕ ಮಾರಿ ಹಂಗ ಮಾಡೀರಿ? ಬಣ್ಣಾ ಚಲೋ ಇಲ್ಲೇನು?"

"ಬಣ್ಣಾ ಚಲೋ ಐತಿ, ತಗೋ" ಎಂದೆ. ಮದುವೆಯ ಹುಡುಗಿಗೆ ಮತ್ತೇನು ಹೇಳಲಿ? ಗಂಜಿಯ ವಾಸನೆ ಮತ್ತು ಪರದೆಯ ಮೇಲಿನ ಸೀರೆ ಒಟ್ಟಿಗೆ ಎದುರಾದರೆ ನನಗೆ ಈಗಲೂ ಒಬ್ಬ ಮನುಷ್ಯನ ಮುಖ ಕಣ್ಣ ಮುಂದೆ ಬರುತ್ತದೆ. ಇಷ್ಟು ವರ್ಷಗಳಾದ ಮೇಲೂ ಆ ಮುಖದ ಮೇಲೆ ನನಗೆ ಸ್ವಲ್ಪವೂ ಕನಿಕರ ಹುಟ್ಟಿಲ್ಲ.

ಅದು ಎರಡು ಸಾವಿರದ ಎಂಟನೆಯ ಇಸವಿಯ ಮಳೆಗಾಲ. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ನಮ್ಮೂರು ಗಜೇಂದ್ರಗಡಕ್ಕೆ, ನಾವು ಬರೀ ಗಡ ಎನ್ನುವ ಊರಿಗೆ, ಮರಳಿದ್ದೆ. ಅಬ್ಬಾ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಾದಿ ಹೊಲಿಯುತ್ತಿದ್ದರು. ಅರಳೆ ಕೊಳ್ಳಲು ಹೋದಲ್ಲೆಲ್ಲ ನನ್ನ ಓದಿನ ವಿಷಯ ಹೇಳಿ ಹೇಳಿ, ಕೊನೆಗೆ ಸಿದ್ಧರಾಮಪ್ಪ ಸಾವ್ಕಾರರ ಸೀರೆ ಮಳಿಗೆಯಲ್ಲಿ ನನಗೊಂದು ಕೆಲಸ ಗಿಟ್ಟಿಸಿಕೊಟ್ಟರು. ಸಾವ್ಕಾರರು ಊರಿನ ನೇಕಾರರಿಗೆ ನೂಲು ಕೊಟ್ಟು, ನೇಯ್ದ ಸೀರೆ ತೆಗೆದುಕೊಂಡು, ಸೊಲ್ಲಾಪುರ ಸಾಂಗಲಿ ಕಡೆಯ ವ್ಯಾಪಾರಿಗಳಿಗೆ ಗಂಟು ಕಟ್ಟಿ ಕಳಿಸುತ್ತಿದ್ದರು. ಮಳಿಗೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಕಪ್ಪು ಪರದೆ, ಹಸಿರು ಅಕ್ಷರ. ಪ್ರತಿ ಸೀರೆಗೂ ಒಂದು ಉದ್ದನೆಯ ಸಂಖ್ಯೆ. ದಡಿ ಯಾವುದು, ಒಡಲು ಯಾವ ಬಣ್ಣ, ಸೆರಗು ಹೇಗಿದೆ ಎಲ್ಲವನ್ನೂ ಆ ಸಂಖ್ಯೆಯಲ್ಲೇ ತುರುಕಿದ್ದರು.

ಮೇಲಿನ ಅಟ್ಟದಲ್ಲಿ ಸೀರೆಗಳನ್ನು ವಿಂಗಡಿಸುತ್ತಿದ್ದವಳು ಗಂಗಕ್ಕ. ಐವತ್ತರ ಆಸುಪಾಸಿನ ಹೆಂಗಸು, ನೇಕಾರರ ಮನೆಯ ಮಗಳು. ಆಕೆ ಮೇಲಿನಿಂದ "ಬದ್ನಿಕಾಯಿ ಬಣ್ಣಾ, ಗೋಮಿ ದಡಿ" ಎಂದು ಬಣ್ಣವನ್ನೂ ಅಂಚಿನ ನಮೂನೆಯನ್ನೂ ಕೂಗುವುದು, ಕೆಳಗೆ ಗುಮಾಸ್ತ ವೀರಣ್ಣ ಅದನ್ನು ಸಂಖ್ಯೆಯಾಗಿ ಮಾಡಿ ಬಡಿಯುವುದು. ಬದನೆಯ ಬಣ್ಣ ಕಂಪ್ಯೂಟರಿನಲ್ಲಿ ಇರಲಿಲ್ಲ. ವೀರಣ್ಣ ಒಮ್ಮೆ ನೀಲಿ ಎನ್ನುತ್ತಿದ್ದ, ಇನ್ನೊಮ್ಮೆ ಕೆಂಪು ಎನ್ನುತ್ತಿದ್ದ. ತಿಂಗಳಿಗೊಮ್ಮೆಯಾದರೂ ಸೊಲ್ಲಾಪುರದಿಂದ ಗಂಟು ವಾಪಸು ಬರುತ್ತಿತ್ತು. ಬಂದಾಗಲೆಲ್ಲ ಬೈಗುಳ ತಿನ್ನುತ್ತಿದ್ದವಳು ಗಂಗಕ್ಕ.

"ನಾ ಖರೇನ ಹೇಳಿರ್ತೀನಿ ಯವ್ವಾ. ಆ ಡಬ್ಬಿಗೆ ಬದ್ನಿಕಾಯಿ ಗೊತ್ತಿಲ್ಲಂದ್ರ ನಾ ಏನ ಮಾಡ್ಲಿ?" ಎಂದು ಆಕೆ ಒಮ್ಮೆ ಮೆಟ್ಟಿಲ ಮೇಲೆ ಕುಳಿತು ಕಣ್ಣೊರೆಸಿಕೊಂಡಳು. ಇನ್ನೊಂದು ಗಂಟು ತಿರುಗಿ ಬಂದರೆ ಮನೆಗೆ ಕಳಿಸುತ್ತೇನೆಂದು ಸಾವ್ಕಾರರು ಅಂದು ಹೇಳಿದ್ದರು.

ಆ ವಾರವೇ ಆಕೆಯ ಮಗಳಿಗೆ ಮುಂಬೈಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಳಿಯ ಕೂಸಿನ ಫೋಟೋಗಳನ್ನು, ಆಗ ಹುಡುಗರೆಲ್ಲ ಮುಗಿಬಿದ್ದಿದ್ದ ಗೆಳೆಯರ ವೆಬ್‌ಸೈಟೊಂದರಲ್ಲಿ ಹಾಕಿದ್ದ. ನಾನು ಗಂಗಕ್ಕನನ್ನು ಬಸ್ ನಿಲ್ದಾಣದ ಎದುರಿನ ನೆಟ್ ಸೆಂಟರಿಗೆ ಕರೆದುಕೊಂಡು ಹೋದೆ. ಹೊರಗೆ ಜಿಟಿಜಿಟಿ ಮಳೆ. ಮೊದಲ ಚಿತ್ರ ತೆರೆದು ತೋರಿಸಿದೆ, ಅಷ್ಟೇ. ಆಕೆ ನನ್ನ ಕೈಯಿಂದ ಮೌಸ್ ಕಸಿದುಕೊಂಡಳು. ಕೂಸಿನ ಚಿತ್ರ ಒತ್ತಿದಳು, ದೊಡ್ಡದಾಯಿತು. ಪಕ್ಕದ್ದು ಒತ್ತಿದಳು. ಮಗಳ ಮುಖ ಒತ್ತಿದಾಗ ಮಗಳ ಉಳಿದ ಫೋಟೋಗಳೆಲ್ಲ ಬಂದವು. ಯಾರನ್ನೂ ಏನನ್ನೂ ಕೇಳಲಿಲ್ಲ. ಸಾಕಷ್ಟು ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಇದು ನಮ್ಮ ಅಂಗಡಿ ಕಂಪ್ಯೂಟರಿನಂಗ ಇಲ್ಲ. ಇದು ನನ್ನ ಹೆದರಸಂಗಿಲ್ಲ" ಎಂದಳು.

ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮನೆಯ ಕೂಸನ್ನು ನೋಡಲು ಇಷ್ಟು ಸುಲಭವಾದ ಪರದೆ ಇರುವಾಗ, ಅನ್ನ ಕೊಡುವ ಕೆಲಸಕ್ಕೆ ಯಾಕೆ ಅಂಥ ಕಪ್ಪು ಪರದೆ? ಸೀರೆಗಳಿಗೂ ಫೋಟೋ ಇದ್ದರೆ? ಗಂಗಕ್ಕ ಚಿತ್ರ ನೋಡಿ ಒತ್ತಿದರೆ ಸಾಕು ಎನ್ನುವಂತಿದ್ದರೆ?

ಆ ಮಳೆಗಾಲವೆಲ್ಲ ನಾನು ಅದನ್ನೇ ಮಾಡಿದೆ. ಮಳೆ ಬಿಟ್ಟಾಗ ಮಾಳಿಗೆಯ ಮೇಲೆ ಸೀರೆ ಹಿಡಿದು ಫೋಟೋ ತೆಗೆಯುವುದು. ಬೆಳಕು ಹೆಚ್ಚಾದರೆ ಬಣ್ಣ ತಪ್ಪುತ್ತಿತ್ತು. ಆಗ ಗಂಗಕ್ಕ "ಇದು ಸುಳ್ಳ ಬಣ್ಣಾ, ಮೋಡ ಬರ್ಲಿ" ಎಂದು ಆಕಾಶ ನೋಡುತ್ತ ನಿಲ್ಲುತ್ತಿದ್ದಳು. ಎದುರಿಗೆ ಕೋಟೆಯ ಗುಡ್ಡ, ಅದರಾಚೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು. ಕೆಳಗೆ ಬಂದು, ನನ್ನ ಕೆಲಸಕ್ಕೆಂದು ಮಳಿಗೆಗೆ ತಂದಿದ್ದ ಹೊಸ ಕಂಪ್ಯೂಟರಿನಲ್ಲಿ ನಾನು ಆ ಫೋಟೋಗಳ ಪುಟ ಕಟ್ಟುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ಜನ ಖುಷಿಯಿಂದ ಬಳಸುವ ತಾಣಗಳನ್ನೆಲ್ಲ ತೆರೆದಿಟ್ಟುಕೊಂಡು, ಗುಂಡಿ ಎಲ್ಲಿದೆ, ಯಾಕೆ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದು ನೋಡಿ ನೋಡಿ ಕಲಿತೆ. ಬಣ್ಣಗಳ ಹೆಸರುಗಳನ್ನು ಗಂಗಕ್ಕನ ಬಾಯಿಂದ ಬಂದಂತೆಯೇ ಬರೆದೆ: ಬದನೆ, ಗಿಣಿ ಹಸಿರು, ಕುಸುಬಿ. ಪಕ್ಕದಲ್ಲಿ ನೇಯ್ದವರ ಹೆಸರು. ಕೆಳಗೆ ಒಂದೇ ಒಂದು ದೊಡ್ಡ ಗುಂಡಿ: "ಕಳಿಸು".

ಸಾವ್ಕಾರರ ಅಳಿಯ ಪ್ರಶಾಂತ ಅದೇ ಹೊತ್ತಿಗೆ ಪುಣೆಯಿಂದ ಬಂದು ಮಳಿಗೆಯ ಉಸ್ತುವಾರಿ ವಹಿಸಿಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ, ಗಾಜಿನ ಕೋಣೆ. ಮೊದಲ ಸಲ ನನ್ನ ಪುಟ ನೋಡಿ ನಕ್ಕ.

"ಏನಿದು, ಹುಡುಗರ ಆಟದ ಸಾಮಾನು? ಆಫೀಸಿನ ಸಾಫ್ಟ್‌ವೇರ್ ಅಂದ್ರ ಹಿಂಗ ಇರೂದಿಲ್ಲ, ಶಬಾನಾ. ನೋಡಿದ್ರ ಕೆಲಸ ಅನಸ್ಬೇಕು."

ಆದರೆ ಒಂದು ದಿನ ಸಾವ್ಕಾರರು ನೋಡುತ್ತಿದ್ದಂತೆ ಗಂಗಕ್ಕ ಒಬ್ಬಳೇ ಕುಳಿತು, ಚಿತ್ರ ಒತ್ತುತ್ತ, ಸೊಲ್ಲಾಪುರದ ಇಡೀ ಗಂಟಿನ ಸರಕನ್ನು ದಾಖಲಿಸಿ ಎದ್ದಳು. ಆ ಗಂಟು ತಿರುಗಿ ಬರಲಿಲ್ಲ. ಮುಂದಿನದೂ ಬರಲಿಲ್ಲ. ಸಾವ್ಕಾರರು ನನ್ನ ತಲೆಯ ಮೇಲೆ ಕೈಯಿಟ್ಟು "ಶಾಣ್ಯಾಕಿ ಇದ್ದಿ ನೋಡವಾ" ಎಂದರು. ಪ್ರಶಾಂತ ಗಾಜಿನಾಚೆಯಿಂದ ನೋಡುತ್ತಿದ್ದ. ಮರುದಿನ ಕರೆದು, ತಾನು ಸ್ವಲ್ಪ ತಿದ್ದುವುದಿದೆ, ಪಾಸ್‌ವರ್ಡ್ ಕೊಡು ಎಂದ. ಖುಷಿಯಿಂದ ಕೊಟ್ಟೆ. ಕೊನೆಗೂ ಅವನಿಗೂ ಇಷ್ಟವಾಯಿತಲ್ಲ ಎಂದುಕೊಂಡೆ.

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅದರ ಉದ್ಘಾಟನೆ ಇಟ್ಟರು. ಹುಬ್ಬಳ್ಳಿಯಿಂದ, ಸೊಲ್ಲಾಪುರದಿಂದ ವ್ಯಾಪಾರಿಗಳು ಬಂದಿದ್ದರು. ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ. ನಾನು ಅಮ್ಮಿಯ ಒಳ್ಳೆಯ ದುಪಟ್ಟಾ ಹೊದ್ದು ಬಂದಿದ್ದೆ. ತೋರಿಸಲು ಕರೆಯುತ್ತಾರೆಂದು ಕಂಪ್ಯೂಟರಿನ ಪಕ್ಕ ನಿಂತೆ. ಪ್ರಶಾಂತ ಪೇಡೆಯ ತಾಟನ್ನು ನನ್ನ ಕೈಗೆ ಕೊಟ್ಟ.

"ಇಲ್ಲೆ ಯಾಕ ನಿಂತೀದಿ? ಎಲ್ಲಾರಿಗೂ ಕೊಡಕೋತ ಹೋಗು."

ನಾನು ಪೇಡೆ ಹಂಚುತ್ತಿದ್ದಾಗ ಆತ ಮಾತಾಡಿದ. ಸೊಲ್ಲಾಪುರದ ದೊಡ್ಡ ವ್ಯಾಪಾರಿ, ಎಲ್ಲರೂ ಅಣ್ಣಾ ಎನ್ನುತ್ತಿದ್ದ ಹಿರಿಯರು, ತಾಟಿನಿಂದ ಒಂದು ಪೇಡೆ ಎತ್ತಿಕೊಳ್ಳುತ್ತ, "ಇದು ಯಾರ ತಲಿ? ಭಾಳ ಚಲೋ ಆಗೇದ" ಎಂದು ಕೇಳಿದರು. ನಾನು ಅವರ ಎದುರಿಗೇ ಇದ್ದೆ.

"ನಂದೇ. ಪುಣೆದಾಗ ವೆಬ್‌ಸೈಟ್ ನೋಡ್ತಾ ನೋಡ್ತಾ ಹೊಳೀತು. ಎರಡು ತಿಂಗಳು ಕೂತು ಮಾಡಿದೆ" ಎಂದ ಪ್ರಶಾಂತ. ಜನ ಚಪ್ಪಾಳೆ ತಟ್ಟಿದರು. ನಾನು ಸಾವ್ಕಾರರ ಮುಖ ನೋಡಿದೆ. ಅವರು ತಮ್ಮ ಧೋತರದ ಅಂಚನ್ನು ನೋಡಿಕೊಳ್ಳುತ್ತಿದ್ದರು. ತಾಟಿನಲ್ಲಿದ್ದ ಪೇಡೆಯನ್ನು ಕೊನೆಯವರೆಗೂ ಹಂಚಿ ಮುಗಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಅತ್ತು ಸುಮ್ಮನಾಗುತ್ತಿದ್ದೆ. ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಹೋದಾಗ ಅಟ್ಟದ ಮೇಲೆ ಗಂಗಕ್ಕ ಇರಲಿಲ್ಲ. ಆಕೆಯನ್ನು ತೆಗೆದುಹಾಕಿದ್ದರು. ನಾನು ಗಾಜಿನ ಕೋಣೆಗೆ ನುಗ್ಗಿದೆ.

"ಸರ್, ಆಕೀನ ಯಾಕ ತಗದ್ರಿ? ಆಕಿ ತಪ್ಪೇನೈತಿ?"

"ತಪ್ಪೇನಿಲ್ಲ. ಈಗ ಚಿತ್ರ ಅದಾವಲ್ಲ, ಸೀರಿ ಗುರ್ತ ಹಿಡಿಯೋ ಕೆಲಸ ಯಾರು ಬೇಕಾದ್ರೂ ಮಾಡ್ತಾರ."

"ಆಕೀ ಸಲುವಾಗಿನ ನಾ ಅದನ್ನ ಮಾಡಿದ್ದು!"

ಆತ ಕುರ್ಚಿಗೆ ಒರಗಿ ನಕ್ಕ. "ಹೌದಲ್ಲ, ನೀನೇ ಮಾಡಿದ್ದು. ಹಂಗಾದ್ರ ನಿನ್ನಿಂದನ ಆಕಿ ಕೆಲಸ ಹೋತು. ಹೋಗಿ ನೀನೇ ಹೇಳು ಆಕಿಗೆ."

ಹೊಗಳಿಕೆ ಬಂದಾಗ ತನ್ನದು, ಪಾಪ ಬಂದಾಗ ನನ್ನದು. ನನ್ನ ಸಿಟ್ಟು ಹುಟ್ಟಿದ್ದು ಪೇಡೆಯ ತಾಟಿನಿಂದಲ್ಲ, ಆ ನಗೆಯಿಂದ. ಆ ಕ್ಷಣವೇ ಚಪ್ಪಲಿ ಮೆಟ್ಟಿ ಹೊರಬಿದ್ದೆ. ನೇರ ಗಂಗಕ್ಕನ ಮನೆಗೆ ಹೋದೆ. ಆಕೆ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಒಳಗೆ ಕರೆಯಲಿಲ್ಲ.

"ನೀ ಚಲೋದು ಮಾಡಾಕ ಹೋಗಿದ್ದಿ ಅಂತ ನನಗ ಗೊತ್ತೈತಿ, ಶಬಾನಾ. ಆದ್ರ ಇವತ್ತ ನಿನ್ನ ಮಾರಿ ನೋಡಾಕ ಆಗವಲ್ದು ನನಗ. ಹೋಗು."

ಬಾಗಿಲು ಮುಚ್ಚಿತು. ಓಣಿಯ ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಆ ಓಣಿಯಲ್ಲಿ ನಡೆಯುತ್ತಲೇ ನಿಶ್ಚಯ ಮಾಡಿದೆ. ಪ್ರಶಾಂತನ ಮಳಿಗೆಗೆ ಒಂದು ಸೀರೆಯೂ ಬರಬಾರದು, ಅಲ್ಲಿಂದ ಒಂದು ಗಂಟೂ ಹೊರಡಬಾರದು. ನಾನು ಯಾರಿಗೂ ಕೇಡು ಬಯಸಿ ಬೆಳೆದವಳಲ್ಲ. ಆದರೆ ಆ ದಿನ ಬಯಸಿದೆ, ಮನಸ್ಸು ತುಂಬ ಬಯಸಿದೆ.

ಹತ್ತಿರದ ರೋಣ ಪಟ್ಟಣದಲ್ಲಿ ಅಬ್ಬಾನಿಗೆ ಪರಿಚಯದ ಒಬ್ಬ ಬಟ್ಟೆ ವ್ಯಾಪಾರಿ ಇದ್ದರು, ಖಾದರಸಾಬ. ಸಣ್ಣ ಅಂಗಡಿ, ಹಿಂದೆ ಒಂದು ಖಾಲಿ ಕೋಣೆ. ಅವರ ಮುಂದೆ ಹೋಗಿ ಕುಳಿತೆ.

"ಚಾಚಾ, ಗಡದ ನೇಕಾರರ ಸೀರಿ ಇಲ್ಲಿಂದ ಸೊಲ್ಲಾಪುರಕ್ಕ ಹೋಗೂವಂಗ ಮಾಡಿಕೊಡತೀನಿ. ಒಂದ ಕಂಪ್ಯೂಟರ್, ಒಂದ ಕ್ಯಾಮೆರಾ, ಒಂದ ಫೋನ್ ಕೊಡ್ರಿ."

ಚಾಚಾ ನನ್ನನ್ನೇ ದಿಟ್ಟಿಸಿದರು. "ಇಷ್ಟ ಜಿದ್ದು ಯಾಕ ಬೇಟಿ?"

ಎಲ್ಲವನ್ನೂ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. "ಜಿದ್ದಿನ ಮ್ಯಾಲ ಧಂದೆ ನಡೀತೈತೇನು?"

"ನಡೀಲಿಲ್ಲಂದ್ರ ನನ್ನ ಮನಿಗೆ ಕಳಸ್ರಿ."

"ನೋಡೂಣು" ಎಂದರು. ಅಷ್ಟು ಸಾಕಿತ್ತು. ಮತ್ತೆ ಗಂಗಕ್ಕನ ಬಾಗಿಲಿಗೆ ಹೋದೆ. ಈ ಸಲ ಕ್ಷಮೆ ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ. "ಗಂಗಕ್ಕಾ, ಅವರ ಅಟ್ಟಾ ಖಾಲಿ ಮಾಡೂದೈತಿ. ಬರ್ತಿಯೇನು?" ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು, ಒಳಗೆ ಹೋಗಿ ಕೈಚೀಲ ತಗೊಂಡು ಬಂದಳು. "ರೋಣದ ಬಸ್ಸು ಎಷ್ಟಕ್ಕೈತಿ?" ಎಂದಳು.

ಹಳೆಯದು ಅವರ ಕಂಪ್ಯೂಟರಿನಲ್ಲೇ ಉಳಿದಿತ್ತು. ಅದರ ಒಂದು ಅಕ್ಷರವನ್ನೂ ನಾನು ತಂದಿರಲಿಲ್ಲ, ತರುವ ಅಗತ್ಯವೂ ಇರಲಿಲ್ಲ. ಮೊದಲಿನಿಂದ ಬರೆದೆ, ಈ ಸಲ ಇನ್ನೂ ಚೆನ್ನಾಗಿ ಬರೆದೆ. ಸೊಲ್ಲಾಪುರದವರು ತಮ್ಮ ಅಂಗಡಿಯಲ್ಲೇ ಕುಳಿತು ಇಂಟರ್ನೆಟ್ಟಿನಲ್ಲಿ ಸೀರೆ ನೋಡುವಂತೆ ಮಾಡಿದೆ. ಮತ್ತೆ ಒಂದು ಕೆಲಸ ಬೇಕೆಂದೇ ಮಾಡಿದೆ. ಉದ್ಘಾಟನೆಗೆ ಮುಂಚೆ ಪ್ರಶಾಂತ ಪುಟದಿಂದ ನೇಕಾರರ ಹೆಸರುಗಳನ್ನು ಅಳಿಸಿಹಾಕಿದ್ದ. ಗಿರಾಕಿಗೆ ಮಳಿಗೆಯ ಹೆಸರು ಕಂಡರೆ ಸಾಕು ಎನ್ನುತ್ತಿದ್ದ. ನಾನು ಪ್ರತಿ ಸೀರೆಯ ಪಕ್ಕ ಅದನ್ನು ನೇಯ್ದವರ ಫೋಟೋ ಹಾಕಿದೆ. ಆ ಗೆಳೆಯರ ತಾಣದಲ್ಲಿ ಇರುವಂತೆಯೇ, ಮುಖ ಒತ್ತಿದರೆ ಅವರ ಉಳಿದ ಸೀರೆಗಳೆಲ್ಲ ಬರಬೇಕು.

ಮೊದಲು ಬಂದವನು ಈರಪ್ಪ, ಗಡದ ಒಳ್ಳೆಯ ನೇಕಾರರಲ್ಲೊಬ್ಬ. ಪರದೆಯ ಮೇಲೆ ತನ್ನ ಮುಖ ನೋಡಿ ಅವಾಕ್ಕಾದ. "ಇದನ್ನ ಸೊಲ್ಲಾಪುರದಾಗ ನೋಡ್ತಾರ?"

"ಸಾಂಗಲ್ಯಾಗೂ ನೋಡ್ತಾರ."

"ಹಂಗಾದ್ರ ಇನ್ನೊಮ್ಮೆ ತಗಿಯವಾ. ತಲಿ ಬಾಚ್ಕೊಂಡ ಬರ್ತೀನಿ."

ಮುಂದಿನ ವಾರ ಆತ ತಲೆ ಬಾಚಿಕೊಂಡು, ತನ್ನ ಅತ್ಯುತ್ತಮ ಸೀರೆ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ಬಂದ. ಚಾಚಾ ತಾವೂ ನೂಲು ಕೊಡತೊಡಗಿದ ಮೇಲೆ ಬೆಳಗಿನ ಬಸ್ಸಿಗೆ ಒಬ್ಬೊಬ್ಬರೇ ನೇಕಾರರು ಬರತೊಡಗಿದರು. ಪ್ರಶಾಂತನ ಅಟ್ಟಕ್ಕೆ ಸಾಧಾರಣ ಸೀರೆ ಹೋಗುತ್ತಿತ್ತು, ನಮ್ಮ ಕೋಣೆಗೆ ಒಳ್ಳೆಯದು ಬರುತ್ತಿತ್ತು. ಗಂಗಕ್ಕ ಅವನ್ನು ಎತ್ತಿಡುವಾಗ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವನ ಅಂಗಡಿಯಿಂದ ಕಿತ್ತುಕೊಂಡು ಬಂದ ಹಾಗೆ ನನಗೆ ಒಂದೊಂದು ಸೀರೆಯೂ ಕಾಣುತ್ತಿತ್ತು.

ವ್ಯಾಪಾರಿಗಳಿಗೆ ನಾನೇ ಫೋನ್ ಮಾಡಿದೆ. ಸೊಲ್ಲಾಪುರದ ಅಣ್ಣಾ ಕೇಳಿದರು, "ಯಾರವಾ ನೀನು?"

"ದೀಪಾವಳ್ಯಾಗ ನಿಮಗ ಪೇಡೆ ಕೊಟ್ಟಾಕಿ ರೀ. ಅವತ್ತ ನೀವು ಇದು ಯಾರ ತಲಿ ಅಂತ ಕೇಳಿದ್ರಿ. ಆಗ ಹೇಳಾಕ ಆಗಲಿಲ್ಲ, ಈಗ ಹೇಳತೀನಿ."

ಅಣ್ಣಾ "ಖರೇ ಏನು?" ಎಂದರು. "ಒಂದ ಗಂಟು ತರಿಸ್ಕೊಂಡ ನೋಡ್ರಿ" ಎಂದೆ. ತರಿಸಿಕೊಂಡರು. ಮತ್ತೆ ಗಡದ ಕಡೆ ಹೋಗಲಿಲ್ಲ.

ಪ್ರಶಾಂತ ಸುಮ್ಮನೆ ಕೂರಲಿಲ್ಲ. ಪುಣೆಯ ಯಾವುದೋ ಕಂಪನಿಯಿಂದ ಹೊಸ ಸಾಫ್ಟ್‌ವೇರ್ ತರಿಸಿದ. ಒಂದು ಸಂತೆಯ ದಿನ ಗುಮಾಸ್ತ ವೀರಣ್ಣ ಯಾರಿಗೂ ಹೇಳದೆ ರೋಣಕ್ಕೆ ಬಂದು ಆ ಕಥೆ ಹೇಳಿದ. "ಚಿತ್ರಾ ಎಲ್ಲಾ ತಗದ ಒಗದಾರವಾ. ಬರೇ ಇಂಗ್ಲೀಷು, ಬರೇ ಖಾನೆಗಳು. ಒಂದ ಗಂಟು ಹೊರಗ ಹೋಗಬೇಕಂದ್ರ ಸರ್ ತಮ್ಮ ಕಂಪ್ಯೂಟರಿನಾಗ ಹ್ಞೂಂ ಅನ್ನಬೇಕು. ಸರ್ ಮತ್ತ ಮತ್ತ ಪುಣಾಕ ಹೋಗಿರ್ತಾರ. ಗಂಟು ಬಾಗಲದಾಗ ಇರ್ತೈತಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೋಡಿದರೆ ಕೆಲಸ ಅನಿಸಬೇಕು ಎಂದಿದ್ದನಲ್ಲ, ಈಗ ಅನಿಸಲಿ. ಆಮೇಲೆ ನಗು ನಿಲ್ಲಿಸಿ, ಸರ್ ಯಾವಾಗ ಪುಣೆಗೆ ಹೋಗುತ್ತಾರೆ, ಯಾವ ವ್ಯಾಪಾರಿಯ ಗಂಟು ಬಾಗಿಲಲ್ಲಿ ಬಿದ್ದಿದೆ ಎಂದು ವೀರಣ್ಣನನ್ನು ಕೇಳಿ ತಿಳಿದುಕೊಂಡೆ. ಗಂಟಿಗಾಗಿ ಕಾದು ಬೇಸತ್ತವರಿಗೇ ಮೊದಲು ಫೋನ್ ಮಾಡಿದೆ. ಬೇಸಿಗೆ ಮುಗಿಯುವ ಮೊದಲೇ ವೀರಣ್ಣನನ್ನೂ ಎಳೆದುಕೊಂಡೆ. ಖಾದರಸಾಬ ಚಾಚಾ ಪಕ್ಕದ ಅಂಗಡಿಯನ್ನೂ ಹಿಡಿದರು. "ಜಿದ್ದಿನ ಮ್ಯಾಲ ಧಂದೆ ನಡೀತೈತಿ ಬಿಡು" ಎಂದು ಒಂದು ದಿನ ಎಲೆ ಮಡಿಸುತ್ತ ತಮ್ಮಷ್ಟಕ್ಕೇ ಹೇಳಿಕೊಂಡರು.

ಮುಂಗಾರು ಮತ್ತೆ ಬಂತು. ಹೊಳೆಆಲೂರಿನಲ್ಲಿ ಮಲಪ್ರಭೆ ಏರುತ್ತಿದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಪ್ರಶಾಂತ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ. ನಾನು ಏಳಲಿಲ್ಲ. ನೇಕಾರರು ಕೂರುವ ಬೆಂಚನ್ನು ತೋರಿಸಿದೆ.

"ಶಬಾನಾ, ಆದದ್ದು ಆತು. ಈ ಸಾಫ್ಟ್‌ವೇರ್ ನಮಗೂ ಹಾಕಿಕೊಡು. ಏನು ಬೇಕು ಕೇಳು."

"ಅಲ್ಲಿದ್ದ ಮೊದಲಿನದನ್ನ ಯಾರು ಮಾಡಿದ್ದು ಅಂತ ಇವರ ಮುಂದ ಹೇಳ್ರಿ."

ಬೆಂಚಿನ ಮೇಲೆ ಈರಪ್ಪ ಮತ್ತು ಇನ್ನಿಬ್ಬರು ಇದ್ದರು. ಪ್ರಶಾಂತ ಅವರನ್ನು ನೋಡಿದ, ನನ್ನನ್ನು ನೋಡಿದ. ಕಿವಿ ಕೆಂಪಾಯಿತು. "ಹಳೇದೆಲ್ಲ ಈಗ್ಯಾಕ?" ಎಂದ.

"ಹಂಗಾದ್ರ ಹೋಗಿ ಬರ್ರಿ" ಎಂದು ನಾನು ಪರದೆಯ ಕಡೆ ತಿರುಗಿದೆ. ಆತ ಮೆಟ್ಟಿಲಿಳಿದು ಹೋದ. ಆ ತಿಂಗಳೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪುಣೆಗೆ ಮರಳಿದನಂತೆ. ಆ ಸುದ್ದಿ ಬಂದ ದಿನ ನಾನು ಎರಡು ತುತ್ತು ಹೆಚ್ಚಿಗೆ ಉಂಡೆ.

ಅದಾದ ಕೆಲವೇ ದಿನಗಳಲ್ಲಿ ಸಾವ್ಕಾರರೇ ಬಂದರು. ಬಸ್ಸಿನಲ್ಲಿ, ಒಬ್ಬರೇ, ಧೋತರದ ತುಂಬ ಕೆಸರು ಸಿಡಿದಿತ್ತು. ಅಂಗಡಿಯಲ್ಲಿ ನೇಕಾರರು ತುಂಬಿದ್ದರು. ಬಾಗಿಲಲ್ಲೇ ನಿಂತು, ಯಾರೂ ಕೇಳುವ ಮೊದಲೇ, ಗಟ್ಟಿಯಾಗಿ ಹೇಳಿದರು.

"ಗಡದಾಗ ಆ ಚಿತ್ರದ ಕಂಪ್ಯೂಟರ್ ಮಾಡಿದಾಕಿ ಈ ಹುಡುಗಿ. ನಮ್ಮ ಅಳಿಯಾ ಅಲ್ಲ. ಅವತ್ತ ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನ ಕುಂತೆ." ಗಂಗಕ್ಕನ ಕಡೆ ತಿರುಗಿದರು. "ಗಂಗವ್ವಾ, ನಿನ್ನ ಹೊರಗ ಹಾಕಿದ್ದೂ ಚಲೋ ಆಗಲಿಲ್ಲ."

ಗಂಗಕ್ಕ ಸೀರೆ ಮಡಿಸುತ್ತಿದ್ದಳು. ಕೈ ನಿಲ್ಲಿಸದೆ, "ತೋಯಿಸ್ಕೊಂಡೀರಿ ಸಾವ್ಕಾರ್ರ, ಒಳಗ ಬರ್ರಿ" ಎಂದಳು. ಅವಳ ಮನಸ್ಸಿನಲ್ಲಿ ಅಲ್ಲಿಗೆ ಮುಗಿದಿತ್ತು. ನನಗೆ ಅವಳ ಮೇಲೂ ಆ ಹೊತ್ತು ಸಿಟ್ಟು ಬಂತು.

ಸಾವ್ಕಾರರು ತಲೆ ಒರೆಸಿಕೊಂಡು ನನ್ನೆದುರು ಕುಳಿತರು. "ಈಗಾರ ಕೊಡವಾ. ಹಿರ್ಯಾರ ಕಾಲದ ಮಳಿಗಿ, ಮುಚ್ಚೂ ಹಂಗ ಆಗೇತಿ."

"ಕೊಡೂದಿಲ್ರಿ."

"ಎಲ್ಲಾರ ಮುಂದ ಹೇಳಿದ್ನಲ್ಲವಾ?"

"ಹೇಳಿದ್ರಿ. ಹೇಳಿದ್ರ ಕೊಡತೀನಿ ಅಂತ ನಾ ಅಂದಿರಲಿಲ್ಲ."

ಈರಪ್ಪ ನೆಲ ನೋಡುತ್ತಿದ್ದ. ಸಾವ್ಕಾರರು ಮೆಲ್ಲಗೆ ಎದ್ದರು. ಮಳೆ ಜೋರಾಗಿತ್ತು, ಅವರ ಬಳಿ ಕೊಡೆ ಇರಲಿಲ್ಲ. ನಾನೇ ಕೊಡೆ ಹಿಡಿದು ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ. ಹಿರಿಯರು, ನೆನೆಯಬಾರದು. ಗಜೇಂದ್ರಗಡದ ಬಸ್ಸು ಬಂದು ನಿಂತಾಗ ಅವರು ಮೆಟ್ಟಿಲಿಗೆ ಕಾಲಿಟ್ಟು ತಿರುಗಿದರು.

"ಇನ್ನೂ ಸಿಟ್ಟು ಹೋಗಿಲ್ಲೇನವಾ?"

"ಇಲ್ರಿ ಸಾವ್ಕಾರ್ರ."

"ಯಾವಾಗ ಹೋಗತೈತಿ?"

"ಅದು ಹೋಗಲಿ ಅಂತ ನಾ ಕಾಯಾಕತ್ತಿಲ್ರಿ" ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿ ಒಳಗೆ ಹೋದರು. ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಅಂಗಡಿಗೆ ಬಂದು, ಸೊಲ್ಲಾಪುರಕ್ಕೆ ಹೊರಟಿದ್ದ ಗಂಟಿನ ಮೇಲೆ ವಿಳಾಸ ಬರೆದೆ.